ಸೂಜಿಗೆ ದಾರ, ಗಿಟಾರಿಗೆ ತಂತಿ

ಅಯ್ಯೋ, ಅಲ್ಲಿ ಕೂರಬೇಡ ಕಣೋ, ಅದು ಇಸ್ತ್ರಿ ಮಾಡಿಟ್ಟ ಬಟ್ಟೆ! ಈ ಕಡೆ ಬಾ, ಸ್ಟೂಲು ಎಳ್ಕೊಂಡು ಕೂತ್ಕೋ. ಹ್ಞಾ... ಈಗ ಹೇಳು, ಏನಂದೆ? ಒಂದೇ ನಿಮಿಷ ಇದ್ದು ಹೋಗ್ತೀಯಾ? ಹೋಗುವೆಯಂತೆ. ಈ ಅಕ್ಕನ ಮನೆಗೆ ಬಂದು ಒಂದೇ ನಿಮಿಷಕ್ಕೆ ಎದ್ದುಹೋದವರು ಇಲ್ಲಿವರೆಗೆ ಯಾರೂ ಇಲ್ಲ. ಮೀಟರ್ ನೋಡೋಕೆ ಬರ್ತಾನಲ್ಲ, ಅವನೂ ಕೂತು ಟೀ ಕುಡಿದೇ ಹೋಗೋದು.

ನಿನ್ನ ಗಿಟಾರು ಕೊಳ್ಳೋನು ಸಂಜೆ ಬರ್ತಾನೆ ಅಂತ ಫೋನಿನಲ್ಲೇ ಹೇಳಿದ್ದೆನಲ್ಲ. ಅಷ್ಟರೊಳಗೆ ನೀನು ಶ್ರುತಿ ಕೂಡಿಸಿಕೊಟ್ಟರೆ ಸಾಕು. ಅದೊಂದು ನನಗೆ ಬರೋದಿಲ್ಲ. ನುಡಿಸು ಅಂತ ನಾನೇನಾದ್ರೂ ಹೇಳಿದೆನಾ? ಇಲ್ಲ. ಆ ಮಾತೇ ಎತ್ತಲ್ಲ. ನೀನೇ ಅಲ್ವಾ ಹೇಳಿದ್ದು, "ಅಕ್ಕಾ, ಅದನ್ನ ಮಾರಿಬಿಡು, ಇಲ್ಲಾ ಒಲೆಗೆ ಹಾಕು, ನನ್ನ ಕಣ್ಣಿಗೆ ಬೀಳಬಾರದು" ಅಂತ? ನಮ್ಮನೇಲಿ ಗ್ಯಾಸ್ ಒಲೆ ಕಣೋ, ಗಿಟಾರು ಹಾಕೋಕಾಗಲ್ಲ. ಅದಕ್ಕೇ ಮಾರೋದು ಅಂತಾಯ್ತು.

ಅದಿರಲಿ, ಮೊದಲು ಈ ಸೂಜಿಗೆ ದಾರ ಪೋಣಿಸಿಕೊಡು. ನನ್ನ ಕಣ್ಣು ಮಂಜಾಗಿದೆ ಅಂತ ಗೊತ್ತಲ್ಲ ನಿಂಗೆ. ಆ ಎಡಗೈನ ಜೇಬಿಂದ ಆಚೆ ತೆಗಿಯೋ. ಅಕ್ಕನ ಮುಂದೆ ಎಂಥ ನಾಚಿಕೆ? ಪ್ರೆಸ್ಸಿನ ಮಷೀನಿಗೆ ಸಿಕ್ಕಿ ಮೂರು ಬೆರಳು ಮರಗಟ್ಟಿದ್ರೆ ಏನಾಯ್ತು, ಹೆಬ್ಬೆರಳು, ತೋರುಬೆರಳು ದೇವರು ಉಳಿಸಿಕೊಟ್ಟಿದ್ದಾನಲ್ಲ. ಹ್ಞಾ... ಆಯ್ತಾ? ಒಂದೇ ಸಲಕ್ಕೆ! ನೋಡಿದೆಯಾ! ಕೊಡು ಇಲ್ಲಿ.

ಈಗ ಆ ಬೆಡ್‌ಶೀಟು ಎತ್ತು. ಮೆಲ್ಲಗೆ... ಮೆಲ್ಲಗೆ!

ಹೇಗಿದೆ?

ಗುರುತು ಸಿಗಲಿಲ್ವಾ? ಅದೇ ಕಣೋ, ನಿನ್ನ ಕರೆಂಟ್ ಗಿಟಾರೇ! ಕೆಂಪು ಬಣ್ಣ ಆಗಲೂ ಇತ್ತು, ಧೂಳಿನ ಕೆಳಗಿತ್ತು ಅಷ್ಟೆ. ಅಟ್ಟದಿಂದ ಇಳಿಸಿದಾಗ ನೀನು ನೋಡಬೇಕಿತ್ತು. ತಂತಿಗಳು ತುಕ್ಕು ಹಿಡಿದು ಮುಟ್ಟಿದರೆ ಪುಡಿಪುಡಿ. ದೇವರ ಹೆಸರು ಹೇಳ್ಕೊಂಡು ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ಏನಿತ್ತು ಹೇಳು? ಇಲಿ ಗೂಡು! ನಾನು ಹೊಲಿದು ಎಸೆದ ಬಟ್ಟೆಚೂರೆಲ್ಲ ಅಲ್ಲಿ ಕೂಡಿಹಾಕಿತ್ತು. ಪಕ್ಕದ ಮನೆಯವರ ಹಸಿರು ಪರದೆ, ಟೀಚರಮ್ಮನ ಚೆಕ್ಸ್ ಶರ್ಟು, ನಿಮ್ಮ ಭಾವನ ಪೈಜಾಮ... ಒಂದೊಂದನ್ನೂ ಗುರುತು ಹಿಡಿದೆ ನಾನು. ಇಲಿಗೂ ನನ್ನ ಹೊಲಿಗೆ ಮೇಲೆ ಅಷ್ಟು ನಂಬಿಕೆ ಅಂದ್ರೆ ನೋಡು! ಏನು, ನಗು ಬಂತಾ? ನಗು, ನಗು. ನಗೋಕೆ ಕಾಸು ಕೊಡಬೇಕಾಗಿಲ್ಲ.

ಬೆಸುಗೆ ಹಾಕೋದು ಯಾರು ಕಲಿಸಿದ್ರು ಅಂತೀಯಾ? ನಮ್ಮ ರೇಡಿಯೋ ರಿಪೇರಿಯವನೇ. ಅವನ ಪ್ಯಾಂಟಿನ ಜಿಪ್ಪು ಹಾಕಿಕೊಟ್ಟೆ, ಅವನು ಬೆಸುಗೆ ಕಲಿಸಿಕೊಟ್ಟ. ಮೊದಲ ದಿನ ಕಾದ ಕಡ್ಡಿಯನ್ನ ಇಸ್ತ್ರಿಪೆಟ್ಟಿಗೆ ಪಕ್ಕ ಇಟ್ಟೆ, ನಿಮ್ಮ ಭಾವ ಬಂದು ಅದರ ಮೇಲೇ ಕೈಯೂರಿದ್ರು! ಪಾಪ, ಕುಣಿದದ್ದೇ ಕುಣಿದದ್ದು. ಆಮೇಲೆ ಹೇಗೋ ಎಲ್ಲ ಸೇರಿಸಿ ಸ್ಪೀಕರ್ ಡಬ್ಬಕ್ಕೆ ಕೊಟ್ಟರೆ, ಗುಂಯ್ಯ್ ಅಂತ ಶುರುವಾಯ್ತು. ಒಳಗಿಂದ ಇವರು ಕೂಗಿದ್ರು: "ಏನೇ, ಫ್ರಿಜ್ ಕೆಟ್ಟುಹೋಯ್ತಾ?" ಫ್ರಿಜ್ಜಂತೆ! ನಾಕು ದಿನ ನಾನು ಬೆಸುಗೆ ಹಾಕೋದು, ಇವರು ಹೋಗಿ ಫ್ರಿಜ್ ಬಾಗಿಲು ತೆಗೆದು ನೋಡೋದು. ಕೊನೆಗೆ ನೋಡಿದರೆ ಒಂದು ಸಣ್ಣ ತಂತಿ, ಅರ್ಥಿಂಗಂತೆ, ಅದು ಬಿಟ್ಟುಕೊಂಡಿತ್ತು. ಅದನ್ನ ಅಂಟಿಸಿದೆ ನೋಡು, ಗಪ್‌ಚಿಪ್. ಮಗು ಹಾಲು ಕುಡಿದು ಮಲಗಿದ ಹಾಗೆ.

ತಗೋ, ತೊಡೆ ಮೇಲಿಟ್ಕೋ. ಶ್ರುತಿ ಮಾಡೋ ಈ ಕಿವಿಗಳಿಗೆಲ್ಲ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟಿದೀನಿ. ಹಿಂಡು ನೋಡು, ಚಿಕ್ಕವನಿದ್ದಾಗ ನಿನ್ನ ಕಿವಿ ಹಿಂಡಿದ್ದಕ್ಕಿಂತ ಸಲೀಸಾಗಿ ತಿರುಗುತ್ತೆ.

ಯಾಕೋ ನಗ್ತೀಯ?

ಏನು ತಪ್ಪಾಯ್ತು? ದಪ್ಪ ತಂತಿ ಮೇಲಿರಬೇಕಾ? ಇದರಲ್ಲಿ ಕೆಳಗಿದೆಯಾ? ಹೌದಾ!... ಅಯ್ಯೋ ರಾಮ. ತಲೆಕೆಳಗು ಹಾಕಿಬಿಟ್ಟೆನಾ? ಹೊಟ್ಟೆ ಹಿಡ್ಕೊಂಡು ನಗಬೇಡ ಕಣೋ, ಬೀಳ್ತೀಯ! ನಾನೇನು ಮಾಡಲಿ, ಇಷ್ಟು ವರ್ಷ ಹೆಂಗಸರ ಶರ್ಟು ಹೊಲಿದೂ ಹೊಲಿದೂ ಕೈ ಹಾಗೇ ಕೂತುಬಿಟ್ಟಿದೆ. ಗಂಡಸರ ಶರ್ಟಿಗೆ ಗುಂಡಿ ಬಲಗಡೆ, ಹೆಂಗಸರದಕ್ಕೆ ಎಡಗಡೆ. ಅದೇ ಅಭ್ಯಾಸ. ಒಂದು ಸಲ ನಿಮ್ಮ ಭಾವನ ಶರ್ಟಿಗೂ ಎಡಗಡೆ ಇಟ್ಟಿದ್ದೆ, ಆಫೀಸಿಂದ ಬಂದಮೇಲೆ ಅವರು ನನ್ನನ್ನ ಮಾತಾಡಿಸಲೇ ಇಲ್ಲ.

ಇರಲಿ ಬಿಡು, ಆ ಕೊಳ್ಳೋನಿಗೆ ಏನು ಗೊತ್ತಾಗುತ್ತೆ? ಗೋಡೆಗೆ ನೇತುಹಾಕ್ತಾನಂತೆ. ಬಿಚ್ಚೋದು ಬೇಡ, ಬೇಡ! ಬಿಚ್ಚಿದ್ರೆ ಮತ್ತೆ ನೆಟ್ಟಗೆ ಕೂರಲ್ಲ ಅದು... ಅದೂ ಅಲ್ಲದೆ ಹೊಸ ತಂತಿ.

ಏನು ನೋಡ್ತಿದೀಯ? ಆ ಹೆಗಲಪಟ್ಟಿ ಸಿಕ್ಕಿಸೋ ಗುಬಟಾ? ಹ್ಞೂ, ಅದನ್ನ ಗಿಟಾರಿನ ಮೈಯಿಂದ ಚಾಚಿರೋ ಈ ಕೊಂಬಿಂದ ಆ ಕೊಂಬಿಗೆ ಹಾಕಿದೆ. ಎರಡು ಕೊಂಬೂ ಒಂದೇ ಥರ ಇವೆಯಲ್ಲ, ಎಲ್ಲಿದ್ರೇನು? ಹಳೇ ತೂತು ಸಡಿಲ ಆಗಿತ್ತು ಕಣೋ.

ಇವಾ? ಇವು ಕೋಟಿನ ಗುಂಡಿ. ಚೆನ್ನಾಗಿವೆ ಅಲ್ವಾ? ವಾಲ್ಯೂಮಿನ ತಿರುಗಣೆ ಮೊದಲು ಅಲ್ಲಿದ್ವು. ಅವನ್ನ ಈ ಕಡೆಗೆ ತಂದೆ, ಹಳೇ ತೂತು ಖಾಲಿ ಬಾಯಿ ಬಿಟ್ಕೊಂಡಿದ್ರೆ ಏನು ಚೆಂದ, ಅದಕ್ಕೆ ಗುಂಡಿ ಕೂರಿಸಿದೆ. ಯಾಕೆ ತಂದೆ ಅಂದ್ರೆ... ಯಾಕೆ ತಂದೆ... ಆ ಕಡೆ ಇದ್ರೆ ಕೈಗೆ ತಗಲುತ್ತಲ್ಲೋ.

ಯಾರ ಕೈಗೆ ಅಂದ್ರೆ? ಯಾರದೋ ಕೈಗೆ! ಕೊಳ್ಳೋನ ಕೈಗೆ. ಗೋಡೆಗೆ ಹಾಕೋವಾಗ ತಗಲಲ್ವಾ?

ನಿಂಗೆ ಟೀ ಮಾಡ್ತೀನಿ ಇರು. ಬೇಡವಾ? ಸರಿ.

ಈ ಬಿಳೀ ಪಟ್ಟಿ ನೋಡು, ಕುತ್ತಿಗೆ ತುದೀಲಿ ತಂತಿಗಳು ಕೂರೋ ಕಚ್ಚುಪಟ್ಟಿ. ಇದಕ್ಕೆ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು! ಹಳೇ ಪಟ್ಟೀಲಿ ದಪ್ಪ ತಂತಿ ಈ ಕಡೆ ಕಚ್ಚಿನಲ್ಲಿ ಕೂರಲೇ ಇಲ್ಲ. ಅಲ್ಲಿ ಸಣ್ಣ ತಂತಿಯ ಕಚ್ಚಿತ್ತು. ಅದಕ್ಕೇ ಹೊಸದು ಮಾಡಿದೆ. ಪ್ಲಾಸ್ಟಿಕ್ಕಿಂದ ಮಾಡಿದೆ, ಸೀಳಿಹೋಯ್ತು. ಮರದಿಂದ ಮಾಡಿದೆ, ದನಿ ಹೂತುಹೋದ ಹಾಗಾಯ್ತು. ಆಮೇಲೆ ಪೆಟ್ಟಿಗೆ ತೆಗೆದು ನೋಡಿದೆ. ಅಮ್ಮನ ಕೊಂಬಿನ ಬಾಚಣಿಗೆ ಸಿಕ್ತು. ಹಲ್ಲೆಲ್ಲ ಮುರಿದಿತ್ತು, ಬೆನ್ನು ಮಾತ್ರ ಗಟ್ಟಿ. ಅದರಿಂದ ಒಂದು ಚೂರು ಕೊಯ್ದು, ಉಗುರಿನ ಅರದಿಂದ ಉಜ್ಜಿ ಉಜ್ಜಿ... ಅಮ್ಮನೇ ಹಾಡಿದ ಹಾಗೆ ದನಿ ಬಂತು ಕಣೋ! ಅಮ್ಮ ಅಷ್ಟು ಚೆನ್ನಾಗಿ ಹಾಡ್ತಿರಲಿಲ್ಲ ಬಿಡು, ಆದ್ರೂ...

ಏನಾಯ್ತು?

ಯಾಕೋ ನಗು ನಿಲ್ಲಿಸಿಬಿಟ್ಟೆ?

ಹ್ಞೂ, ಅಮ್ಮನ ಬಾಚಣಿಗೇನೇ. ಅದರಲ್ಲೇನಿದೆ... ಹಲ್ಲು ಮುರಿದಿತ್ತು ಅಂದೆನಲ್ಲ. ಯಾರೋ ಕೊಳ್ಳೋನ ಗೋಡೆಗೆ ಹೋಗೋ ಗಿಟಾರಿಗೆ ಅಮ್ಮನ... ಅಂದ್ರೆ, ಅದು... ಕೈಗೆ ಸಿಕ್ಕಿದ್ದು ಅದು. ಸಿಕ್ಕಿದ್ದು ಹಾಕಿದೆ.



ಹೀಗೆ ತಂತಿ ನೋಡೋದು, ಗುಬಟ ನೋಡೋದು, ಗುಂಡಿ ನೋಡೋದು, ಮತ್ತೆ ನನ್ನ ಮುಖ ನೋಡೋದು... ಏನಾದ್ರೂ ಬೈಯೋದಿದ್ರೆ ಬೈದುಬಿಡು. ನಾನೇನು ಸಂಗೀತ ಕಲಿತೋಳಾ? ಹೆಂಗಸರ ಶರ್ಟಿನ ಅಭ್ಯಾಸ ಅಂತ ಆಗಲೇ ಹೇಳಲಿಲ್ವಾ...

ಏನು ಆ ಸೂಜಿನ ನೋಡ್ತಿದೀಯ?

ಅದನ್ನ ಅಲ್ಲೇ ಇಡು. ಅದಕ್ಕೂ ಇದಕ್ಕೂ ಏನು ಸಂಬಂಧ?

...ಹೌದು ಕಣೋ, ಆಯ್ತು! ಹಗಲೆಲ್ಲ ಕೂತು ಕಾಜಾ ಹೊಲಿಯೋಳಿಗೆ ಸೂಜಿಕಣ್ಣು ಕಾಣಲ್ವಾ? ಕಾಣುತ್ತೆ! ಈ ಕಿಟಕೀಲಿ ಕೂತರೆ ಎದುರು ಮನೆಯವರ ತಾರಸಿ ಮೇಲಿರೋ ಬಟ್ಟೆಯ ಹೊಲಿಗೆ ಬಿಟ್ಟಿರೋದೂ ಕಾಣುತ್ತೆ! ನೀನು ಬಂದಾಗಲೆಲ್ಲ "ದಾರ ಪೋಣಿಸಿಕೊಡು" ಅಂತಿದ್ದೆನಲ್ಲ, ನಿನ್ನ ಆ ಎರಡು ಬೆರಳು ಸೂಜೀನ ಎಷ್ಟು ಹೊತ್ತು ಅಲುಗಾಡದೆ ಹಿಡ್ಕೊಳ್ಳುತ್ತೆ ಅಂತ ನೋಡೋಕೆ. ಮೊದಲು ನಡುಗ್ತಿತ್ತು. ಆಮೇಲೆ ನಡುಗಲಿಲ್ಲ. ಇವತ್ತು ಒಂದೇ ಸಲಕ್ಕೆ ಹೋಯ್ತು, ನೀನೇ ನೋಡಿದೆಯಲ್ಲ. ಸೂಜಿ ಹಿಡಿಯೋ ಬೆರಳು ತಂತಿ ಮೀಟಲ್ವಾ? ಎಡಗೈ ಮಾಡ್ತಿದ್ದ ತಂತಿ ಒತ್ತೋ ಕೆಲಸ ಬಲಗೈ ಮಾಡಲಿ, ಅದಕ್ಕೇನಾಗಿದೆ ರೋಗ? ಶರ್ಟಿನ ಒಂದು ಕಡೆ ತೋಳು ಕತ್ತರಿಸಿಟ್ರೆ ಅದನ್ನೇ ಬೋರಲು ಹಾಕಿ ಇನ್ನೊಂದು ಕಡೇದು ಕತ್ತರಿಸ್ತೀವಿ. ನಮ್ಮಲ್ಲಿ ಅಷ್ಟೇ ಲೆಕ್ಕ. ಗಿಟಾರು ತಿರುಗಿಸಿಬಿಟ್ಟೆ.

ಸಂಜೆ ಯಾರು ಬರ್ತಾರೆ ಅಂತ ಕೇಳಬೇಡ. ಕೇಳ್ಬೇಡ ಅಂದೆನಲ್ಲ! ...ಯಾರೂ ಬರಲ್ಲ.

ಮುಖ ಆ ಕಡೆ ತಿರುಗಿಸಿಕೊಂಡ್ರೆ ನಂಗೆ ಕಾಣಲ್ಲ ಅಂದ್ಕೊಂಡೆಯಾ? ಈಗಷ್ಟೇ ಹೇಳಿದೆ, ನನ್ನ ಕಣ್ಣು ಚೆನ್ನಾಗೇ ಇದೆ.

ಬೇಡದಿದ್ರೆ ಬೇಡ ಅಂತ ಒಂದು ಮಾತು ಹೇಳು. ಬೆಡ್‌ಶೀಟು ಮುಚ್ಚಿ ಮತ್ತೆ ಅಟ್ಟಕ್ಕೆ ಹಾಕ್ತೀನಿ, ಇಲಿಗಾದ್ರೂ ಮನೆ ಆಗುತ್ತೆ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಳ್ತೀನಿ. ಆದ್ರೂ ಪರವಾಗಿಲ್ಲ...

ಎಲ್ಲಿಗೆ ಎದ್ದೆ? ಏ, ಗುಂಡಿ ಡಬ್ಬಿಗೆ ಯಾಕೆ ಕೈ ಹಾಕ್ತೀಯ? ಅದೆಲ್ಲ ಬಣ್ಣಬಣ್ಣ ಬೇರೆ ಮಾಡಿಟ್ಟಿದೀನಿ ಕಣೋ, ಕಲಸಬೇಡ! ಏನು ಹುಡುಕ್ತಿದೀಯ? ಆ ಚಪ್ಪಟೆ ಕೋಟಿನ ಗುಂಡಿಯಾ? ಅದು ಯಾಕೆ...

ಓ.

ತಂತಿ ಮೀಟೋಕಾ... ಎಡಗೈಯಲ್ಲೇ ಹಿಡ್ಕೊಂಡೆಯಾ. ಹ್ಞೂ... ಹಿಡ್ಕೋ, ಹಿಡ್ಕೋ. ಇರು, ಸ್ವಿಚ್ಚು ನಾನು ಹಾಕ್ತೀನಿ. ಪಟ್ಟಿ ಹೆಗಲಿಗೆ ಹಾಕ್ಕೋ... ಈಗ?

ಅಯ್ಯಯ್ಯೋ! ಎಂಥ ಕೆಟ್ಟ ಶಬ್ದವೋ ಅದು! ಬೆಕ್ಕಿನ ಬಾಲ ತುಳಿದ ಹಾಗಿದೆ! ಮೊದಲ ಸಲ ಕಲಿಯೋಕೆ ಕೂತಾಗಲೂ ಹೀಗೇ ಇತ್ತು, ಇದಕ್ಕಿಂತ ಕೆಟ್ಟದಾಗಿತ್ತು, ಅಮ್ಮ ಕಿವಿಗೆ ಹತ್ತಿ ಇಟ್ಕೊಂಡು ಬಟ್ಟೆ ಒಗೀತಿದ್ರು. ಇನ್ನೊಂದು ಸಲ. ಇನ್ನೊಂದು ಸಲ ಹೊಡಿ!

ಏನ್ರೀ? ಏನು ಕೂಗಿದ್ರಿ? ...ಅಲ್ಲ ರೀ, ಬಾಗಿಲು ತೆಗೀಬೇಡಿ, ಫ್ರಿಜ್ ಅಲ್ಲ! ನನ್ನ ತಮ್ಮ!