ಬಾವಿಯಿಂದ ಬಂದ ಮೂರು ಬಡಿತ

ಗುರುಬಾರಿ ನನ್ನ ಪಕ್ಕದ ಮನೆಯವಳು. ನಡುವೆ ಒಂದೇ ಗೋಡೆ. ಅವಳಿಗೆ ಆದದ್ದನ್ನು ಹೇಳುತ್ತೇನೆ. ಅವಳು ಹೇಳಿದ್ದು ಯಾವುದು, ನಾನು ಕಣ್ಣಾರೆ ಕಂಡದ್ದು ಯಾವುದು ಎಂದು ಬೇರೆ ಮಾಡಿಯೇ ಹೇಳುತ್ತೇನೆ. ಗಣಿಯ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಮೇಟ್ರನ್ ಆಗಿದ್ದವಳಿಗೆ ಅಷ್ಟಾದರೂ ಶಿಸ್ತು ಇರಬೇಕು.

ಪುಷ್ಯದ ಚಳಿ. ಧನಬಾದಿನಿಂದ ಕೊನೆಯ ಬಸ್ಸಿಗೆ ಬಂದಳು. ಗಣಿ ಮುಚ್ಚಿದ ಮೇಲೆ ಬಸ್ಸು ನಮ್ಮ ಸಾಲುಮನೆಗಳ ತನಕ ಬರುವುದಿಲ್ಲ. ಮುಕ್ಕಾಲು ಪಾಲು ಬಾಗಿಲಿಗೆ ಬೀಗ, ಬಂದರೂ ಹತ್ತುವವರು ಯಾರು? ದೊಡ್ಡ ರಸ್ತೆಯಲ್ಲಿ ಇಳಿದು ಒಬ್ಬಳೇ ನಡೆದಳು. ದಾರಿಯಲ್ಲಿ ಆಲದ ಮರ... ಅದರ ಕೆಳಗೆ ಹಳೆಯ ಬಾವಿ.

ಆ ಬಾವಿಯಲ್ಲಿ ನಲವತ್ತು ವರ್ಷ ನೀರಿರಲಿಲ್ಲ. ಗಣಿಯ ಪಂಪು ನೆಲದಡಿಯ ನೀರನ್ನೆಲ್ಲ ಹಗಲಿರುಳು ಎತ್ತಿ ಹೊರಗೆ ಹಾಕುತ್ತಿತ್ತು. ಆ ಪಂಪು ನೋಡಿಕೊಳ್ಳುತ್ತಿದ್ದವಳು ಗುರುಬಾರಿಯೇ. ಹತ್ತೊಂಬತ್ತು ವರ್ಷದ ಹಿಂದೆ ಕೆಳಗೆ ಛಾವಣಿ ಕುಸಿದು ಅವಳ ಗಂಡ ಸೋಮಾಯ್ ಮತ್ತು ಇನ್ನಿಬ್ಬರು ಅಲ್ಲೇ ಉಳಿದರು. ಹೆಣ ಸಿಗಲಿಲ್ಲ. ಗಂಡನ ಬದಲಿಗೆ ಅವಳಿಗೆ ಪಂಪಿನ ಕೆಲಸ ಸಿಕ್ಕಿತು. ಅವರು ಸಂತಾಲ ಬುಡಕಟ್ಟಿನವರು. ಆ ಜನ ಸತ್ತವನ ಒಂದು ಮೂಳೆಯನ್ನಾದರೂ ದಾಮೋದರ ನದಿಗೆ ಬಿಡಬೇಕು. ಇಲ್ಲದಿದ್ದರೆ ಅವನು ಹಿರಿಯರನ್ನು ಸೇರುವುದಿಲ್ಲ.

"ಪಂಪು ಓಡ್ತಿರೋವರೆಗೂ ಅವನು ಒಣಗಿರ್ತಾನೆ ದೀದಿ," ಎನ್ನುತ್ತಿದ್ದಳು. "ಒಂದಿನ ಯಾರಾದ್ರೂ ಅಗೆದು ಕೊಡ್ತಾರೆ."

ಈಗ ಕಲ್ಲಿದ್ದಲು ಬೇಡವಂತೆ. ಗಣಿಯ ಮೇಲಿನ ಬಯಲಿಗೆ ಸೋಲಾರ್ ಫಲಕ ಹಾಸುವುದೆಂದಾಯಿತು. ನಾನು ಅದಕ್ಕೆ ವಿರೋಧಿಯಲ್ಲ. ಕಪ್ಪು ಧೂಳು ತುಂಬಿದ ಶ್ವಾಸಕೋಶಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಪಂಪು ನಿಲ್ಲಿಸುವ ಮೊದಲು ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಿಂತು ಹನ್ನೊಂದು ದಿನವಾಗಿತ್ತು. ಅರ್ಜಿ ಹಿಡಿದು ಅವಳು ಧನಬಾದಿನ ಗಣಿ ಕಚೇರಿಗೆ ಹೋದದ್ದು ಅಂದಿಗೆ ನಾಲ್ಕನೆಯ ಸಲ.

"ಮುಚ್ಚಿದ ಗಣಿಗೆ ಪಂಪು ಯಾಕಮ್ಮ?" ಎಂದನಂತೆ ಗುಮಾಸ್ತ. "ಒಳಗೆ ಯಾರಿದ್ದಾರೆ?"

"ಮೂರು ಜನ ಇದ್ದಾರೆ," ಎಂದು ಹೇಳಿ ಬಂದಿದ್ದಳು.

ಬಾವಿ ದಾಟುವಾಗ...

ಟಣ್.

ನಿಂತಳು.

ಟಣ್... ಟಣ್.

ಕಬ್ಬಿಣದ ಮೇಲೆ ಕಬ್ಬಿಣ. ಕೆಳಗಿನಿಂದ.

ನಮ್ಮಲ್ಲಿ ಈ ಲೆಕ್ಕ ಮಕ್ಕಳಿಗೂ ಗೊತ್ತು. ಗಣಿಗೆ ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರವನ್ನು ಡೋಲಿ ಎನ್ನುತ್ತಾರೆ. ಕೆಳಗಿನಿಂದ ಒಂದು ಬಡಿದರೆ ನಿಲ್ಲಿಸು. ಎರಡು, ಇಳಿಸು. ಮೂರು... ಮನುಷ್ಯರು ಮೇಲೆ ಬರುತ್ತಾರೆ. ಮೇಲಿನವನು ತಾನೂ ಮೂರು ಬಡಿದು ಉತ್ತರ ಕೊಡುವ ತನಕ ಯಾರೂ ಡೋಲಿಗೆ ಕಾಲಿಡುವಂತಿಲ್ಲ.

ಅವಳು ಓಡಿದಳು. ಮನೆಗೆ ಹೋಗಿ ಪಂಪಿನ ದೊಡ್ಡ ಸ್ಪ್ಯಾನರ್ ತೆಗೆದುಕೊಂಡಳು. ಆಮೇಲೆ ಜೀತನ್ ಚಾಚಾನ ಬಾಗಿಲು ತಟ್ಟಿದಳು. ಮೂವತ್ತು ವರ್ಷ ಗಣಿಯ ಬಾಯಲ್ಲಿ ಡೋಲಿಯ ಗಂಟೆ ಹೊಡೆದವನು ಅವನು. ಅವಳನ್ನು ಬಹೂ, ಅಂದರೆ ಸೊಸೆ, ಎಂದೇ ಕರೆಯುತ್ತಿದ್ದ.

"ಚಾಚಾ... ಮೂರು."

"ಏನು ಮೂರು? ನಿದ್ದೆಗಣ್ಣಲ್ಲಿ ಬಂದಿದೀಯಾ?"

"ಬಾವಿಯೊಳಗಿಂದ."

"ನೀರು ಏರ್ತಿದೆ ಬಹೂ. ಹಳೇ ಪೈಪು ಬಡ್ಕೊಳ್ತವೆ."

"ಪೈಪಿಗೆ ಎಣಿಸೋಕೆ ಬರುತ್ತಾ?"

ಮುದುಕ ಕೆಮ್ಮಿದ. "ಊರವರದೆಲ್ಲ ಕೆಲಸ ಹೋಯ್ತು. ನಿನ್ ಗಂಡ ಒಬ್ಬ ಇನ್ನೂ ಓವರ್‌ಟೈಮ್ ಮಾಡ್ತಿದಾನೆ ನೋಡು."

ಅವಳು ನಗಲಿಲ್ಲ. ಅವನೂ ನಗಲಿಲ್ಲ.

"ಉತ್ತರ ಕೊಟ್ಟೆಯಾ?" ಈಗ ಅವನ ದನಿ ಪಿಸುಮಾತಾಗಿತ್ತು.

"ಇಲ್ಲ."

"ಕೊಡಬೇಡ. ಡೋಲಿಯಲ್ಲಿ ಯಾರು ಬರ್ತಾರೋ... ಏನು ಬರುತ್ತೋ..."

"ಏನು ಬಂದ್ರೂ ಸರಿ. ನೀರು ಅವನನ್ನ ಮುಳುಗಿಸಿದ ಮೇಲೆ ನಾನು ಯಾರಿಗೆ ಕಾಯಲಿ?"

ಅವನು ಹೊಸ್ತಿಲ ಮೇಲೆ ಕುಳಿತ. ಆಮೇಲೆ ಹತ್ತೊಂಬತ್ತು ವರ್ಷ ಆಡದ ಮಾತು ಆಡಿದ.

"ಆ ದಿನಾನೂ ಮೂರು ಬಂದಿತ್ತು ಬಹೂ. ಛಾವಣಿ ಬಿದ್ದ ಮೇಲೆ. ಡೋಲಿ ಬಿಡಬೇಡ ಅಂತ ಹುಕುಂ ಆಗಿತ್ತು. ನಾನು... ಉತ್ತರ ಕೊಡಲಿಲ್ಲ. ಒಂದು ಗಂಟೆ ಹೊತ್ತು ಬಡೀತಾನೇ ಇದ್ರು."

ಗುರುಬಾರಿ ಅವನ ಮುಖ ನೋಡಿದಳು. ಬೈಯಲಿಲ್ಲ.

"ಎದ್ದೇಳು ಚಾಚಾ. ಚಪ್ಪಲಿ ಹಾಕ್ಕೋ."

ಅವರು ಬಾವಿಯ ಹತ್ತಿರ ನಿಂತಾಗ ಮತ್ತೆ ಬಂತು. ಟಣ್... ಟಣ್... ಟಣ್. ಅವಳು ಸ್ಪ್ಯಾನರ್ ಎತ್ತಿದಳು. ಮುದುಕ ಅದನ್ನು ಅವಳ ಕೈಯಿಂದ ತೆಗೆದುಕೊಂಡ.

"ಕೊಡು. ಇದು ನನ್ನ ಕೆಲಸ."

ರಾಟೆಯ ಕಬ್ಬಿಣದ ಕಂಬಕ್ಕೆ ಮೂರು ಸಲ ಹೊಡೆದ.

ಮುಂದಿನದನ್ನು ನಾನು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದ್ದೇನೆ. ಇಬ್ಬರೂ ಹೇಳಿದ್ದು ಒಂದೇ. ಮೊದಲು ಹಗ್ಗ ಬಿಗಿಯುವ ಸದ್ದು, ಝೊಂಯ್... ಆ ರಾಟೆಗೆ ಹಗ್ಗ ಇಲ್ಲದೆ ಎಷ್ಟೋ ವರ್ಷವಾಗಿತ್ತು. ಆಮೇಲೆ ಖಡ ಖಡ ಖಡ... ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಖಟಾಕ್. ಡೋಲಿ ಮೇಲೆ ಬಂದು ಕೂರುವ ಸದ್ದು.

ಜೀತನ್ ಟಾರ್ಚಿನ ಬೆಳಕು ಒಳಗೆ ಬಿಟ್ಟ. ಇಪ್ಪತ್ತು ಅಡಿ ಕೆಳಗೆ ಕಪ್ಪು ನೀರು. ಒಂದು ಅಲೆಯೂ ಇಲ್ಲ.

ಡೋಲಿಯಿಂದ ಇಳಿಯುವವನಿಗೆ ಮೇಲಿನವರು ಕೈ ಕೊಡುವುದು ವಾಡಿಕೆ. ಗುರುಬಾರಿ ಕಟ್ಟೆಯ ಮೇಲಿಂದ ಬಾಗಿ, ಕತ್ತಲಿಗೆ ಕೈ ಚಾಚಿದಳು.

ಟಾರ್ಚು ಆರಿತು.

ಅವಳು ಮುಷ್ಟಿ ಮುಚ್ಚಿದಳು.

ಇನ್ನು ನಾನು ಕಂಡದ್ದು. ರಾತ್ರಿ ಎರಡೂವರೆಗೆ ಇಬ್ಬರೂ ನನ್ನ ಬಾಗಿಲು ಬಡಿದರು. ಅವಳ ಬಲಗೈ ಮಣಿಕಟ್ಟಿನವರೆಗೆ ಒದ್ದೆ. ಕರಿನೀರು ತೊಟ್ಟಿಕ್ಕುತ್ತಿತ್ತು. ರವಿಕೆಯ ತೋಳು ಮಾತ್ರ ಒಣಗಿತ್ತು. ಮುಷ್ಟಿ ಬಿಡಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಒಳಗೆ ಒಂದು ಮೂಳೆ. ಗಂಡಸಿನ ಬೆರಳಿನದು. ಮೂಳೆ ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಕು ಹರಿಯುವಷ್ಟರಲ್ಲಿ ಅವಳು ನದಿಗೆ ಹೋದಳು. ದಡದಲ್ಲಿ ಅವಳನ್ನು ತಡೆದವಳು ಫುಲೋ, ಕೆಳಗೆ ಉಳಿದ ಇನ್ನೊಬ್ಬನ ಹೆಂಡತಿ. "ಅದು ನಿನ್ನವನದೇ ಅಂತ ಹೇಗೆ ಹೇಳ್ತೀಯಾ? ನನ್ನವನದಾಗಿದ್ರೆ?" ಗುರುಬಾರಿ ಮೂಳೆಯಿದ್ದ ಅಂಗೈಯನ್ನು ಅವಳತ್ತ ಚಾಚಿದಳು. "ಇಬ್ಬರೂ ಸೇರಿ ಬಿಡೋಣ ಬಾ," ಎಂದಳಷ್ಟೆ.

ಆ ರಾತ್ರಿ ಸಾಲುಮನೆಗಳಲ್ಲಿ ಉಳಿದಿದ್ದ ಜನವೆಲ್ಲ ಮಿಕ್ಕವರನ್ನೂ ಮೇಲೆ ಕರೆಯಲು ಬಾವಿಗೆ ಬಂದರು. ಹಾರೆ ತಂದರು, ಸುತ್ತಿಗೆ ತಂದರು, ಸಿಕ್ಕ ಕಬ್ಬಿಣವನ್ನೆಲ್ಲ ತಂದರು. ಮೂರು ಹೊಡೆದರು. ಮತ್ತೆ ಮೂರು. ಜೀತನ್ ಅಂಗೈ ಒಡೆದು ರಕ್ತ ಬರುವ ತನಕ ಹೊಡೆದ. ಕೆಳಗಿನಿಂದ ಗುಳು ಗುಳು ಎಂದು ನೀರು ಏರುವ ಸದ್ದು ಮಾತ್ರ. ಆರನೆಯ ದಿನ ನೀರು ಕಟ್ಟೆಗೆ ಬಂತು. ಈಗ ಆ ಬಾವಿ ಫಲಕಗಳ ತಂತಿಬೇಲಿಯ ಒಳಗಿದೆ. ಹೋಗಿ ನೋಡಬಹುದು.

ನಾನು ಸುಳ್ಳು ಹೇಳುವವಳಲ್ಲ. ಅವಳ ಅಂಗೈಯಿಂದ ಆ ಮೂಳೆಯನ್ನು ಚಿಮಟದಲ್ಲಿ ಎತ್ತಿ ಹತ್ತಿಯ ಮೇಲೆ ಇಟ್ಟವಳು ನಾನೇ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು ಎಂದೆನಲ್ಲ. ಅವಳು ಹೋದ ಮೇಲೆ ಆ ಹತ್ತಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಕಲ್ಲಿದ್ದಲ ನುಣ್ಣನೆಯ ಧೂಳು... ಊದಿದರೆ ಹಾರಿತು. ನೀರಿನ ಕಲೆ ಒಂದೂ ಇರಲಿಲ್ಲ.

ಹತ್ತಿ ಒಣಗಿಯೇ ಇತ್ತು.