ನಿಂತಂತೆ ಕಂಡ ಕ್ರ್ಯಾಶ್

ಕಣ್ಣಾಸ್ಪತ್ರೆಯಲ್ಲಿ ಔಷಧಿಯ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ನಿವೃತ್ತ ಮೇಷ್ಟ್ರಿಗೆ ಆಗ ಕಿವಿಯೊಂದೇ ಗತಿ. ಪಕ್ಕದ ಬೆಂಚಿನಲ್ಲಿ ಹೆಣ್ಣು ದನಿಯೊಂದು ಹಲ್ಲು ಕಡಿಯುತ್ತಿತ್ತು.

“ಭಾವ, ಸಾಫ್ಟ್‌ವೇರಿನ ಕರ್ನೆಲ್‌ನಲ್ಲಿ ಒಂದರ ಕೆಲಸ ಮುಗಿಯೋವರೆಗೂ ಇನ್ನೊಂದನ್ನ ತಡೆಯೋ ಲಾಕ್ ಎಲ್ಲಿ ಹಾಕಿದೀರಿ? ತೋರಿಸಿ.”

“ಕ್ರ್ಯಾಶ್ ನಿಂತಿದೆಯಲ್ಲ ತಾಯಿ, ಇನ್ನೇನು?”

“ಒಟ್ಟಿಗೇ ಓಡೋ ಎರಡು ಥ್ರೆಡ್‌ಗಳಲ್ಲಿ ಒಂದು ಡೇಟಾ ಪ್ಯಾಕೆಟ್ ಓದ್ತಿರೋವಾಗ್ಲೇ ಇನ್ನೊಂದು ಅದನ್ನ ಅಳಿಸಿಹಾಕ್ತಿತ್ತು. ಏನಾಗ್ತಿದೆ ಅಂತ ನೋಡೋಕೆ ನೀವೊಂದು ಪ್ರಿಂಟ್ ಸಾಲು ತುರುಕಿದ್ರಿ. ಅದರಿಂದ ಅಳಿಸೋದು ಚೂರು ತಡ ಆಯ್ತು, ಓದೋದು ಮುಗೀತು. ಇದು ರಿಪೇರಿನಾ?”

“ಆ ಸಾಲು ಅಲ್ಲೇ ಇರ್ಲಿ ಬಿಡು.”

“ಇರ್ಲಿ ಬಿಡಾ? ಆಂಬುಲೆನ್ಸ್ ಕರೆಗಳು ಈ ಸಾಫ್ಟ್‌ವೇರ್ ಮೇಲೇ ಹೋಗೋದು! ಕರೆ ಜಾಸ್ತಿ ಬಂದ ದಿನ ಬಿದ್ದೇ ಬೀಳುತ್ತೆ. ಸಂಜೆ ಈ ಕೋಡ್ ಬಿಡುಗಡೆ ಇದೆ, ನಿಲ್ಲಿಸಿ.”

“ಸರಿಹೋಯ್ತು ಅಂತ ಎಲ್ಲರ ಮುಂದೆ ಎದೆ ತಟ್ಕೊಂಡಿದೀನಿ. ನನ್ನ ಮರ್ಯಾದೆ ಏನಾಗ್ಬೇಕು?”

“ನಿಮ್ಮ ಮರ್ಯಾದೆಗೆ ಆಂಬುಲೆನ್ಸ್ ಕಾಯ್ಬೇಕಾ?”

ನರ್ಸ್ ಭಾವನನ್ನು ಒಳಗೆ ಕರೆದಳು. “ಸುಮ್ನೆ ಕೂತಿರು, ಬಂದೆ” ಎಂದು ಚಪ್ಪಲಿ ಎಳೆಯುತ್ತ ಹೋದ.

ಬಾಗಿಲು ಮುಚ್ಚಿದ್ದೇ ತಡ, ಈಕೆ ಆಫೀಸಿಗೆ ಫೋನು ಹಚ್ಚಿದಳು.

“ಸಂಜೆಯ ಬಿಡುಗಡೆ ನಿಲ್ಲಿಸಿ. ಹೌದು, ನಮ್ಮ ಭಾವನ ಕೋಡೇ. ಇಲ್ಲ, ಅವರು ಒಪ್ಪಿಲ್ಲ. ನಿಲ್ಲಿಸಿದ್ದು ನಾನೇ ಅಂತ ನನ್ನ ಹೆಸರಲ್ಲೇ ಬರ್ಕೊಳ್ಳಿ.”

ಆಮೇಲೆ ಅವಳ ಹೆಜ್ಜೆ ಸಪ್ಪಳ ಮೆಟ್ಟಿಲಿಳಿದು ಹೋಯಿತು.