ಟೈರಿನ ಒಳಮಗ್ಗುಲು

ಆ ದಿನ ಬೆಳಗಿನ ಜಾವಕ್ಕೆ ವರ್ಷದ ಮೊದಲ ಮಳೆ ಬಂತು. ಧೋ ಎಂದು ಸುರಿಯುವ ಮಳೆಯಲ್ಲ, ನೋಡಿ. ಧೂಳು ಅಡಗುವಷ್ಟು ಮಳೆ. ಡಾಂಬರಿನ ಮೇಲೆ ಬೇಸಿಗೆಯಿಡೀ ಕೂತಿದ್ದ ಎಣ್ಣೆಜಿಡ್ಡು ಮೇಲೆದ್ದು ರಸ್ತೆ ಜಾರುವಷ್ಟು ಮಳೆ. ಊರಿನ ಜನ ಬಾಗಿಲು ತೆರೆದು, ಮಣ್ಣಿನ ವಾಸನೆಗೆ ಮೂಗು ಒಡ್ಡಿ, "ಶಿವಾ, ತಂಪಾತು" ಅಂದರು. ಒಬ್ಬ ಮಾತ್ರ ಅನ್ನಲಿಲ್ಲ. ಅವನು ಸಾಹುಕಾರನ ಗೇಟಿನೊಳಗೆ ಟೈರ್ ಪಾಲಿಶಿನ ಡಬ್ಬಿ ಹಿಡಿದು ನಿಂತಿದ್ದ ಡ್ರೈವರ್ ದ್ಯಾಮಣ್ಣ. ಎಲ್ಲರಿಗೂ ತಂಪಾದ ಮಳೆ ಅವನೊಬ್ಬನ ಎದೆಯ ಮೇಲೆ ಕೆಂಡದಂತೆ ಬಿತ್ತು.

ಯಾಕೆ? ಹೇಳುತ್ತೇನೆ.

ಆ ಸಾಹುಕಾರ ಹುಬ್ಬಳ್ಳಿ ಕಡೆಯವನು. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನ ಕಥೆ ಅಂದುಕೊಂಡು ನಿಮ್ಮನ್ನು ನೀವು ಹೊರಗಿಟ್ಟುಕೊಳ್ಳುತ್ತೀರಿ. ಒಂದು ಲಾರಿಯ ಕ್ಲೀನರ್ ಆಗಿ ಶುರುಮಾಡಿ ಇಪ್ಪತ್ತೆರಡು ಲಾರಿಗಳ ಒಡೆಯನಾದವನು. ಒಬ್ಬಳೇ ಮಗಳು, ಡಾಕ್ಟರ್. ಅವಳಿಗೆ ಅಂತ ಒಂದು ಕಾರು ತರಿಸಿದ. ಎಂಥ ಕಾರು! ಹಳದಿ ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥ ಸ್ಪೋರ್ಟ್ಸ್ ಕಾರು. ಓಣಿಯ ಮುದುಕರು ಸುತ್ತು ಬಂದು ನೋಡಿ, "ಇದರಾಗ ಕುಂಡ್ರೂದಲ್ಲೋ ಮಾರಾಯಾ, ಇದನ್ನ ಉಟ್ಕೋಬೇಕು" ಎಂದು ನಕ್ಕರು.

ಅದರ ಟೈರು ಅಗಲ, ರಬ್ಬರು ಮೆತ್ತಗೆ. ಮೆತ್ತಗಿದ್ದರೇ ರಸ್ತೆಯನ್ನು ಬಿಗಿಯಾಗಿ ಹಿಡಿಯುವುದು, ಮೆತ್ತಗಿರುವುದಕ್ಕೇ ಬೇಗ ಸವೆಯುವುದು. ಹಿಡಿತ ಬೇಕೆಂದರೆ ಸವೆತವೂ ಇದ್ದದ್ದೇ. ಸವೆದಾಗ ಬದಲಿಸಬೇಕು, ಅಷ್ಟೇ. ಲಾರಿಯ ಟೈರಿನಂತೆ ಮುಂದಿನದನ್ನು ಹಿಂದಕ್ಕೆ ಹಾಕಿ ದಿನ ದೂಡಲು ಬರುವುದಿಲ್ಲ, ಆ ಕಾರಿಗೆ ಮುಂದಿನ ಅಳತೆಯೇ ಬೇರೆ, ಹಿಂದಿನದೇ ಬೇರೆ.

ಈ ಕಾರನ್ನು ತೊಳೆಯುವುದು, ಒರೆಸುವುದು, ಪೆಟ್ರೋಲು ಗಾಳಿ ನೋಡುವುದು ದ್ಯಾಮಣ್ಣನ ಕೆಲಸ. ಹದಿನಾರು ವರ್ಷ ಆ ಮನೆಯ ಅನ್ನ ಉಂಡವನು. ಎರಡು ತಿಂಗಳ ಹಿಂದೆ ಒಂದು ದಿನ ಪೆಟ್ರೋಲು ಹಾಕಿಸಲು ಹೋದ. ಬಂಕಿನ ಆಚೆ ಅವನ ಊರಿನವರು ಚಹಾದಂಗಡಿಯ ಮುಂದೆ ಕೂತಿದ್ದರು. "ಏ ದ್ಯಾಮ್ಯಾ, ಒಂದೀಟು ಓಡಿಸಿ ತೋರ್ಸಲೇ, ಬರೇ ಒರಸೂದಷ್ಟs ಏನು ನಿನ್ನ ಕೆಲಸ?" ಎಂದರು. ಆ ಒಂದು ಮಾತು ಸಾಕಾಯಿತು. ಓಡಿಸಿದ. ರೈಲ್ವೆ ಗೇಟಿನ ಹತ್ತಿರ ಹೊಸದಾಗಿ ಹಾಕಿದ ಹಂಪು ಕಣ್ಣಿಗೆ ಬೀಳಲಿಲ್ಲ. ಧಡ್! ಮುಂದಿನ ಗಾಲಿಗಳು ನೆಗೆದು ಬಿದ್ದವು. ಇಳಿದು ನೋಡಿದ. ಗೀರಿಲ್ಲ, ನೆಗ್ಗಿಲ್ಲ. ಸ್ಟೇರಿಂಗು ಮಾತ್ರ ತುಸು ಎಡಕ್ಕೆ ಎಳೆಯುತ್ತಿತ್ತು. ತುಸುವೇ. ಹೇಳಿದರೆ ಸಾಹುಕಾರ ಬಿಟ್ಟಾನೇ? ದ್ಯಾಮಣ್ಣ ಹೇಳಲಿಲ್ಲ.

ಗಾಲಿ ಸೊಟ್ಟಾದರೆ ಏನಾಗುತ್ತದೆ ಗೊತ್ತೇ? ಟೈರು ನೆಲದ ಮೇಲೆ ಉರುಳುವ ಜೊತೆಗೆ ತನ್ನ ಒಳಮಗ್ಗುಲನ್ನು ಉಜ್ಜಿಕೊಳ್ಳುತ್ತಾ ಹೋಗುತ್ತದೆ. ಹೊರಗೆ ನಿಂತು ನೋಡುವವನಿಗೆ ಅಚ್ಚು ಹೊಸದು. ಒಳಗೆ, ಯಾರೂ ಬಗ್ಗಿ ನೋಡದ ಕಡೆ, ದಿನಾ ದಿನಾ ಸವೆಯುತ್ತದೆ.

ಹತ್ತೊಂಬತ್ತು ದಿನದ ಹಿಂದೆ ಗಾಳಿ ಹಾಕಿಸಲು ಮಕ್ತುಂಸಾಬನ ಟೈರ್ ಅಂಗಡಿಗೆ ಹೋಗಿದ್ದ. ಸಾಹುಕಾರನ ಲಾರಿಗಳಿಗೆಲ್ಲ ಟೈರು ಬಿಚ್ಚಿ ಹಾಕುವವನು ಈ ಮಕ್ತುಂಸಾಬ. ಗಾಳಿ ಹಾಕಿದ ಮೇಲೆ, ಯಾರೂ ಕೇಳದೆಯೇ, ಮಂಡಿಯೂರಿ ಗಾಲಿಯ ಹಿಂದೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

"ತಮ್ಮಾ, ಇಲ್ಲಿ ಬಾ. ಕೈ ಹಾಕು."

ದ್ಯಾಮಣ್ಣ ಕೈ ಹಾಕಿದ. ಗೆರೆಯಿಲ್ಲ, ಹಳ್ಳವಿಲ್ಲ, ಬೋಳು.

"ಎಲ್ಲಿ ಬಡಿಸ್ದಿ?"

"ಎಲ್ಲೂ ಇಲ್ಲಣ್ಣಾ."

"ನನಗ ಹೇಳಬ್ಯಾಡ ಬಿಡು, ಟೈರ್ ಹೇಳಾಕತ್ತೈತಿ. ಒಣ ರಸ್ತಾದಾಗ ಒಂದೆರಡು ವಾರ ದೂಡತೈತಿ. ಮಳಿ ಬಿತ್ತಂದ್ರ ಬ್ಯಾಡ. ನೀರಿನ ಮ್ಯಾಲ ತೇಲಿ ಹೋಗ್ತೈತಿ, ಬ್ರೇಕ್ ತುಳದ್ರೂ ನಿಂದರೂದಿಲ್ಲ. ಹೊಸಾವು ಬರಾಕ ಎಂಟು ದಿನ ಬೇಕು. ಸಾವ್ಕಾರ್ರಿಗೆ ಇವತ್ತs ಹೇಳು. ಇಲ್ಲಾ ನಾನs ಹೇಳ್ತೀನಿ."

"ಬ್ಯಾಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಾ ಹೇಳ್ತೀನಿ. ನನ್ನ ಬಾಯಿಂದ ಹೇಳಿದ್ರ ಛಲೋ."

ಮಕ್ತುಂಸಾಬ ನಂಬಿದ. ನಂಬುವುದು ತಪ್ಪೇ?

ಈಗ ಕೇಳಿ. ಲಾರಿಯವರಿಗೆ ಒಂದು ಪದ್ಧತಿಯಿದೆ. ಗಾಡಿ ಹೊರಡುವ ಮುಂಚೆ ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಬಡಿದು ಸದ್ದು ಕೇಳುತ್ತಾರೆ. ಪುಟಿದು ಬಂದರೆ ಗಾಳಿ ಇದೆ. ಥಪ್ಪೆಂದು ಸತ್ತರೆ ಇಲ್ಲ. ಸಾಹುಕಾರ ಕ್ಲೀನರ್ ಆಗಿದ್ದಾಗ ಕಲಿತ ವಿದ್ಯೆ ಅದು. ಇಪ್ಪತ್ತೆರಡು ಲಾರಿಯಾದರೂ ಬಿಟ್ಟಿರಲಿಲ್ಲ.

ಮಕ್ತುಂಸಾಬ ಹೇಳಿದ ದಿನವೇ ದ್ಯಾಮಣ್ಣ ಸಾಹುಕಾರನ ಮುಂದೆ ಹೋಗಿ ನಿಂತ. "ಸಾವ್ಕಾರ್ರ, ಆ ಕಾರಿನ ಟೈರ್ ಒಂದ್ಸಲ ನೋಡಿದ್ರ ಛಲೋ ಇತ್ರಿ."

"ಯಾಕ, ಏನಾಗೇತಿ?"

"ಏನಿಲ್ರಿ. ಸುಮ್ನ."

ಸಾಹುಕಾರ ರಾಡು ತಂದು ನಾಲ್ಕೂ ಟೈರಿಗೆ ಬಡಿದ. "ಕೇಳಿದಿ? ಡೊಳ್ಳು ಬಾರಿಸಿದಂಗ ಐತಿ. ಒಂಬತ್ತು ಸಾವಿರ ಕಿಲೋಮೀಟರ್ ಸೈತ ಓಡಿಲ್ಲ ಇದು. ನಮ್ಮ ಲಾರಿ ಟೈರ್ ಎಂಬತ್ತು ಸಾವಿರ ಓಡಿ, ಮ್ಯಾಲ ಹೊಸ ರಬ್ಬರ್ ಹಚ್ಚಿಸ್ಕೊಂಡು ಮತ್ತ ಓಡ್ತಾವು. ಟೈರ್ ನೋಡೂದು ನನಗ ಕಲಸ್ತಿಯೇನಲೇ?"

"ಇಲ್ರಿ ಸಾವ್ಕಾರ್ರ."

ಮುಗಿಯಿತು. ದ್ಯಾಮಣ್ಣನ ಮನಸ್ಸಿಗೆ ಒಂದು ನೆಪ ಸಿಕ್ಕಿತು. ನಾನು ಹೇಳಿದೆನಲ್ಲ, ಅವರೇ ಕೇಳಲಿಲ್ಲ! ಅಪ್ಪಗಳಿರಾ, ಹೇಳಿದನೇ ಅವನು? ಹಂಪು ಹೇಳಿದನೇ? ಬೋಳಾದ ಒಳಮಗ್ಗುಲು ಹೇಳಿದನೇ? ಅರ್ಧ ಹೇಳಿದ ಮಾತು ಪೂರ್ತಿ ಮುಚ್ಚಿಟ್ಟ ಮಾತಿಗಿಂತ ಕೆಟ್ಟದ್ದು. ಮುಚ್ಚಿಟ್ಟವನಿಗೆ ನಿದ್ದೆ ಬರುವುದಿಲ್ಲ, ಅರ್ಧ ಹೇಳಿದವನಿಗೆ ಬಂದುಬಿಡುತ್ತದೆ. ಅವನಿಗೂ ಬಂತು. ಅಂದಿನಿಂದ ದಿನಾ ಟೈರಿನ ಹೊರಮಗ್ಗುಲಿಗೆ ಕರೀ ಪಾಲಿಶು ಹಚ್ಚಿ ಮುಖ ಕಾಣುವಂತೆ ತಿಕ್ಕುತ್ತಿದ್ದ.

ಆಮೇಲೆ ಮಳೆ ಬಂತು.

ಅವತ್ತೇ ಮಗಳು ತಾಯಿಯನ್ನು ಕೂರಿಸಿಕೊಂಡು ಘಟ್ಟದ ಕೆಳಗೆ ಸೋದರಮಾವನ ಮನೆಗೆ ಹೊರಟಿದ್ದಳು. ಘಟ್ಟದ ಇಳಿಜಾರು, ಹದಿನೆಂಟು ತಿರುವು. ಬೀಗದ ಕೈ ತೆಗೆದುಕೊಳ್ಳುತ್ತಾ ಕೇಳಿದಳು, "ಕಾಕಾ, ಗಾಳಿ ಸರಿ ಐತಿಲ್ಲೋ?"

"ಗಾಳಿ ಸರಿ ಐತ್ರಿ ಅಕ್ಕಾವ್ರ."

ಸುಳ್ಳೇ? ಒಂದಕ್ಷರ ಸುಳ್ಳಿಲ್ಲ. ನಿಜವೇ? ನೀವೇ ಹೇಳಿ.

ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು, ನಗುತ್ತಾ, ಆ ತಗ್ಗಿನ ಸೀಟಿಗೆ ಇಳಿದಳು. "ಒಲಿ ಮ್ಯಾಲ ಉಪ್ಪಿಟ್ಟು ಐತಿ ದ್ಯಾಮಣ್ಣಾ, ಆರೂದ್ರಾಗ ತಿನ್ನು" ಅಂದಳು. ಕಾರು ಹೋಯಿತು. ಒದ್ದೆ ರಸ್ತೆಯ ಮೇಲೆ ಅದರ ಸದ್ದು ದೂರವಾಗುತ್ತಾ ಹೋಯಿತು.

ಘಟ್ಟದ ತಲೆ ಮುಟ್ಟಲು ಒಂದೂಕಾಲು ತಾಸು. ದ್ಯಾಮಣ್ಣ ನಿಂತಲ್ಲೇ ನಿಂತ. ಎಲ್ಲರ ಗಾಡಿಗೂ ಸವೆದ ಟೈರು ಇರುತ್ತವೆ ಅಂದುಕೊಂಡ. ಅಕ್ಕಾವರು ನಿಧಾನ ಓಡಿಸುತ್ತಾರೆ ಅಂದುಕೊಂಡ. ನಿಧಾನ ಓಡಿಸುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಹನುಮಪ್ಪನಿಗೆ ನೂರಾ ಒಂದು ಕಾಯಿ ಹರಕೆ ಹೊತ್ತ. ನೋಡಿ ತಾಯಂದಿರೇ, ದೇವರ ಮುಂದೆ ಕಾಯಿ ಒಡೆಯುವುದು ಎಷ್ಟು ಸುಲಭ, ಮನುಷ್ಯರ ಮುಂದೆ ಬಾಯಿ ತೆರೆಯುವುದು ಎಷ್ಟು ಕಷ್ಟ! ಕಾಲು ತಾಸು ಹೋಯಿತು. ಡಬ್ಬಿ ಅಲ್ಲೇ ಬಿಸಾಕಿದ. ಒಳಗೆ ಓಡಿದ.

ಸಾಹುಕಾರ ಉಪ್ಪಿಟ್ಟು ತಿನ್ನುತ್ತಿದ್ದ.

"ಸಾವ್ಕಾರ್ರ, ಗಾಡಿ ತಡೀರಿ. ಮುಂದಿನ ಟೈರ್ ಒಳಗ ಬೋಳ ಆಗ್ಯಾವ್ರಿ. ನಾನs ಹಂಪಿಗೆ ಬಡಿಸೀನ್ರಿ. ಹೇಳಿಲ್ರಿ ನಾ. ಘಟ್ಟ ಇಳಿಯಾಕ ಬಿಡಬ್ಯಾಡ್ರಿ."

ತುತ್ತು ತಟ್ಟೆಗೆ ಬಿತ್ತು. ಮಗಳಿಗೆ ಫೋನು. ಎತ್ತಲಿಲ್ಲ. ಹೆಂಡತಿಗೆ ಫೋನು. ಅದು ಅಡುಗೆಮನೆಯಲ್ಲೇ ಮೊಳಗಿತು, ಮರೆತು ಹೋಗಿದ್ದಳು. ಮತ್ತೆ ಮಗಳಿಗೆ. "ಎತ್ತೂದಿಲ್ಲ" ಎಂದ ಸಾಹುಕಾರ. "ಓಡಿಸೂ ಮುಂದ ಫೋನ್ ಮುಟ್ಟಬ್ಯಾಡ ಅಂತ ನಾನs ಆಣಿ ಮಾಡಿಸೀನಿ."

ಆಮೇಲೆ ಲಾರಿಯವನ ಬುದ್ಧಿ ಓಡಿತು. ಆ ರಸ್ತೆಯಲ್ಲಿ ಅವನ ಎರಡು ಲಾರಿಗಳು ಮುಂಜಾನೆಯೇ ಹೊರಟಿದ್ದವು. ಫೋನು ಹಚ್ಚಿ, "ಹಳದಿ ಗಾಡಿ ಬರಾಕತ್ತೈತಿ, ರಸ್ತಾಕ್ಕ ಅಡ್ಡ ನಿಂದರಸ್ರಲೇ!" ಎಂದು ಒದರಿದ.

ದ್ಯಾಮಣ್ಣ ಅವನ ಕೈಯನ್ನೇ ಹಿಡಿದುಬಿಟ್ಟ. "ಅಡ್ಡ ಬ್ಯಾಡ್ರಿ! ಒಮ್ಮೆಲೆ ಬ್ರೇಕ್ ತುಳದ್ರ ಜಾರಿ ಹೋಗಿ ಲಾರಿಗೇ ಬಡೀತಾರ್ರಿ. ಘಟ್ಟಕ್ಕಿಂತ ಮೊದಲ ದೊಡ್ಡ ಏರು ಬರ್ತೈತಲ್ರಿ, ಅಲ್ಲಿ ಎರಡೂ ಲಾರಿ ಒಂದರ ಮಗ್ಗಲಕ ಒಂದು ಜೋಡಿ ಹಚ್ಚಿ ಮೆಲ್ಲಕ ಹತ್ತಸಲಿ. ಹಿಂದಿನವರು ತಾವಾಗೇ ನಿಧಾನ ಆಗ್ತಾರು. ಬ್ರೇಕ್ ಹಿಡೀಲಿಲ್ಲಂದ್ರೂ ಏರು ಹಿಡೀತೈತಿ."

ಹಾಗೇ ಹೇಳಿದರು. ಹೇಳಿ ಕಾದರು. ಗೋಡೆಯ ಗಡಿಯಾರ, ಇಬ್ಬರು ಗಂಡಸರು, ನಡುವೆ ಒಂದು ಫೋನು. ಹತ್ತು ನಿಮಿಷ. ಇಪ್ಪತ್ತು. ಹೊರಗೆ ಮಳೆ ಜೋರಾಯಿತು. ಸಾಹುಕಾರ ಬೈಯಲಿಲ್ಲ. ಬೈದಿದ್ದರೆ ದ್ಯಾಮಣ್ಣನಿಗೆ ಉಸಿರಾಡಲು ಆಗುತ್ತಿತ್ತು. ಅರ್ಧ ತಾಸು. ಲಾರಿಯವನ ಫೋನೂ ಹತ್ತುತ್ತಿರಲಿಲ್ಲ. ಕಾರು ಲಾರಿಗಳನ್ನು ದಾಟಿಬಿಟ್ಟಿದ್ದರೆ? ಏರಿಗೆ ಮುಂಚೆಯೇ ಎಲ್ಲಾದರೂ...

ಫೋನು ಮೊಳಗಿತು. ಮಗಳು. "ಅಪ್ಪಾ, ನಿಮ್ಮ ಲಾರಿ ಡ್ರೈವರ್ರಿಗೆ ತಲಿ ಕೆಟ್ಟೈತೇನು? ಎರಡೂ ಜೋಡಿ ಹಚ್ಚಿ, ಬ್ಯಾಂಡ್ ಇಲ್ಲದ ಮೆರವಣಿಗಿ ಹೊಂಟಾರು! ಹಾರ್ನ್ ಹೊಡದು ಹೊಡದು ಸಾಕಾತು ನನಗ! ಈಗ ಗಾಡಿ ನಿಂದರಸಿ ನಗ್ತಾರ ಬ್ಯಾರೆ!"

ಸಾಹುಕಾರ ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ಇಳಿ ಮಗಳ. ಮುಂದಿನ ಟೈರಿನ ಒಳಗ ಕೈ ಹಾಕಿ ನೋಡು."

ಮಳೆಯ ಸದ್ದು ಕೇಳಿತು. ಬಾಗಿಲಿನ ಸದ್ದು ಕೇಳಿತು. ಕೊನೆಗೆ ಸಣ್ಣ ದನಿಯಲ್ಲಿ, "ಅಪ್ಪಾ, ರಬ್ಬರ್ ಹೋಗಿ ಒಳಗಿನ ತಂತಿ ಕಾಣಾಕತ್ತಾವು" ಅಂದಳು.

ಸಾಹುಕಾರ ಫೋನು ಇಟ್ಟು ನೆಲದ ಮೇಲೆ ಕೂತ. "ಮೂವತ್ತೈದು ವರ್ಷ ಟೈರ್ ಬಡದೇನಿ. ಸದ್ದು ಕೇಳೇನಿ. ಒಂದು ಸಲ ಬಗ್ಗಿ ನೋಡ್ಲಿಲ್ಲಲೇ ದ್ಯಾಮಣ್ಣಾ" ಅಂದ. ಕೆಲಸದಿಂದ ಬಿಡಿಸುವ ಮಾತು ಅವನ ಬಾಯಿಂದ ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ತಲೆ ತಗ್ಗಿಸಬೇಡಿ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾವೆಲ್ಲ ಹೊರಮಗ್ಗುಲಿಗೆ ಪಾಲಿಶು ಹಚ್ಚಿದವರೇ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಬಂದವರಿಗೆ ನಗುಮುಖ, ಮಠಕ್ಕೆ ತಪ್ಪದೆ ಹಾಜರಿ. ಯಾರಾದರೂ ರಾಡಿನಿಂದ ಬಡಿದು ನೋಡಿದರೆ ಸದ್ದು ಬಲು ಚೆನ್ನಾಗಿ ಬರುತ್ತದೆ. ಒಳಮಗ್ಗುಲು? ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು? ಹೆಂಡತಿಗೆ ಅರ್ಧ ಹೇಳಿ ಅರ್ಧ ನುಂಗಿದ ಮಾತು ಯಾವುದು? ಒಂದು ದಿನ ಎಲ್ಲೋ ಧಡ್ ಅಂದಿತ್ತು, ಅಂದಿನಿಂದ ಬದುಕು ತುಸು ಒಂದು ಕಡೆಗೆ ಎಳೆಯುತ್ತಿದೆ. ತುಸುವೇ ಅಂತ ಓಡಿಸುತ್ತಿದ್ದೀರಿ. ಒಣ ರಸ್ತೆ ಇರುವವರೆಗೆ ಓಡುತ್ತದೆ. ಮಳೆ ನಿಮ್ಮನ್ನು ಕೇಳಿ ಬರುತ್ತದೆಯೇ?

ಹೆಚ್ಚೇನೂ ಮಾಡಬೇಕಿಲ್ಲ. ಈ ರಾತ್ರಿ ಮಲಗುವ ಮುಂಚೆ ಒಮ್ಮೆ ಮಂಡಿಯೂರಿ, ಯಾರೂ ನೋಡದ ಕಡೆಗೆ ಕೈ ಹಾಕಿ ನೋಡಿ. ಬೋಳು ಸಿಕ್ಕಿತೋ, ನಾಳೆ ಬೆಳಗ್ಗೆ ಯಾರಿಗೆ ಹೇಳಬೇಕೋ ಅವರ ಮುಂದೆ ನಿಂತು ಪೂರ್ತಿ ಹೇಳಿ. ಅರ್ಧ ಹೇಳಬೇಡಿ. 'ಏನಿಲ್ರಿ, ಸುಮ್ನ' ಎನ್ನಬೇಡಿ. ಇನ್ನೊಂದು ಮಾತು, ಮಕ್ತುಂಸಾಬನಂತೆ ನಿಮ್ಮ ಒಳಮಗ್ಗುಲು ನೋಡಿ ಹೇಳುವವನು ಒಬ್ಬನಿದ್ದರೆ ಅವನನ್ನು ದೂರ ಮಾಡಿಕೊಳ್ಳಬೇಡಿ. ಹೊಗಳುವವರು ಊರ ತುಂಬ ಸಿಗುತ್ತಾರೆ. ಮಂಡಿಯೂರುವವನು ಒಬ್ಬನೇ ಸಿಗುತ್ತಾನೆ.

ಕಥೆ ಇನ್ನೊಂದಿಷ್ಟು ಉಳಿದಿದೆ.

ಮುಂದಿನ ಸೋಮವಾರ ಸಾಹುಕಾರ ಮಠದಲ್ಲಿ ದಾಸೋಹ ಮಾಡಿಸಿದ. ಹೆಂಡತಿ ಮಗಳು ಉಳಿದ ಸಂತೋಷ. ಊರೆದುರು ದ್ಯಾಮಣ್ಣನನ್ನು ಕರೆದು, "ಏರಿನ್ಯಾಗ ಜೋಡಿ ಹಚ್ಚಸ್ರಿ ಅಂದಾವ ಇವನs. ನನ್ನ ಮಾತಿನಂಗ ಅಡ್ಡ ನಿಂದರಿಸಿದ್ರ ಏನಾಗ್ತಿತ್ತೋ" ಎಂದು ಶಾಲು ಹೊದಿಸಿದ. ಜನ ಚಪ್ಪಾಳೆ ತಟ್ಟಿದರು. ದ್ಯಾಮಣ್ಣ ಊಟಕ್ಕೆ ಕೂರಲಿಲ್ಲ. ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಟೈರ್ ಅಂಗಡಿಗೆ ನಡೆದು ಹೋದ.

ಮಕ್ತುಂಸಾಬ ಲಾರಿಯ ಟೈರೊಂದನ್ನು ಬಿಚ್ಚುತ್ತಾ ಕೂತಿದ್ದ. ದ್ಯಾಮಣ್ಣ ಶಾಲನ್ನು ಮುಂದೆ ಚಾಚಿದ.

ಮಕ್ತುಂಸಾಬ ಶಾಲನ್ನು ನೋಡಿದ, ಅವನ ಮುಖವನ್ನು ನೋಡಿದ. ತನ್ನ ಎರಡೂ ಅಂಗೈಗಳನ್ನು ತೋರಿಸಿದ. ಕರ್ರಗಿದ್ದವು.

"ಕೈ ಹೊಲಸ ಅದಾವು ತಮ್ಮಾ. ಹೆಗಲ ಮ್ಯಾಲ ಹಾಕು."

ದ್ಯಾಮಣ್ಣ ಹಾಕಿದ.